ಗಡುವು ಯಾರದು

ನಮ್ಮ ವಾಚನಾಲಯಕ್ಕೆ ಎರಡು ಪೇಪರು ಬರುತ್ತವೆ, ಒಂದು ಕನ್ನಡದ್ದು, ಒಂದು ಮರಾಠಿಯದು. ಅಕ್ಕಲಕೋಟ ತಾಲೂಕಿನ ಹಳ್ಳಿ ಅಂದ ಮೇಲೆ ಎರಡೂ ಬೇಕೇ ಬೇಕು. ಮನೆಯಲ್ಲಿ ಕನ್ನಡ, ತಹಸೀಲ ಕಚೇರಿಯಲ್ಲಿ ಮರಾಠಿ, ಬಸ್ಸಿನಲ್ಲಿ ಕಂಡಕ್ಟರ್ ಯಾವುದರಲ್ಲಿ ಕೇಳ್ತಾನೋ ಅದು. 2024ರ ನವೆಂಬರ್ 25ರ ಸೋಮವಾರ ಎರಡೂ ಪೇಪರಿನಲ್ಲಿ ಒಂದೇ ಮುಖ ಇತ್ತು. ಹಿಂದಿನ ದಿನ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ಆಟಗಾರರ ಲಿಲಾವು ಶುರುವಾಗಿತ್ತು. ರಿಷಭ್ ಪಂತ್ 27 ಕೋಟಿಗೆ ಲಖನೌ ತಂಡಕ್ಕೆ ಹೋಗಿದ್ದ. ಎರಡು ದಿನದ ಹಿಂದಷ್ಟೇ ವಿಧಾನಸಭೆಯ ಫಲಿತಾಂಶ ಬಂದು ಗುಲಾಲು ಹಾರಿತ್ತು. ಆ ಗುಲಾಲು ಇನ್ನೂ ಕಟ್ಟೆಯ ಮೇಲೆ ಇದ್ದಾಗಲೇ ಮಾತು ಪಂತನ ಕಡೆ ಹೊರಳಿತು.

ಹಿರಿಯರೊಬ್ಬರು ಚಷ್ಮಾ ಒರೆಸಿಕೊಳ್ಳುತ್ತಾ ಕೇಳಿದರು: "ಇಪ್ಪತ್ತೇಳು ಕೋಟಿಗಿ ಎಷ್ಟ ಎಕರೆ ಬರ್ತದಪಾ?" ಹುಡುಗನೊಬ್ಬ ಮೊಬೈಲು ತೆಗೆದ. ಎಕರೆಗೆ ಹತ್ತು ಲಕ್ಷ ಹಿಡಿದರೂ 270 ಎಕರೆ. "ಅಂದ್ರ ಹಳ್ಳದ ಈ ಕಡೀದು ಪೂರಾ," ಅಂದರು ಹಿರಿಯರು, ಮತ್ತೆ ಪೇಪರಿನಲ್ಲಿ ತಲೆ ಹುದುಗಿಸಿದರು. ಅವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ. ಯಾಕೆಂದರೆ ಲಿಲಾವು ನನಗೆ ಹೊಸದಲ್ಲ. ಉಳ್ಳಾಗಡ್ಡಿ ಬೆಳೆಯುವವನು ನಾನು. ಸೊಲ್ಲಾಪುರದ ಬಜಾರ ಸಮಿತಿಯಲ್ಲಿ ನನ್ನ ಮಾಲಿನ ಮುಂದೆ ನಿಂತು ಕೂಗುವುದನ್ನು ಮೂವತ್ತು ವರ್ಷ ಕೇಳಿದ್ದೇನೆ. ನನ್ನ ಚೀಲದ ಮುಂದೆ ಯಾವತ್ತೂ ಹಾಗೆ ಮೇಲಕ್ಕೆ ಹೋಗದ ಕೂಗು ಜೆಡ್ಡಾದಲ್ಲಿ ಹೇಗೆ ಹೋಯಿತು ಅನ್ನುವುದು ನನ್ನ ಪ್ರಶ್ನೆ.

ಪಂತನ ಕೂಗು ನಡೆದ ರೀತಿಯನ್ನು ಆಮೇಲೆ ಹುಡುಗರು ಮೊಬೈಲಿನಲ್ಲಿ ತೋರಿಸಿದರು. ಮೂಲ ಬೆಲೆ 2 ಕೋಟಿ. ಒಬ್ಬರ ಮೇಲೊಬ್ಬರು ಏರಿಸಿ 20 ಕೋಟಿ 75 ಲಕ್ಷಕ್ಕೆ ಲಖನೌದ ಕೂಗು ನಿಂತಿತು. ಪಂತನ ಹಳೆಯ ತಂಡ ದಿಲ್ಲಿಗೆ ಒಂದು ಹಕ್ಕಿತ್ತು: ಅದೇ ಬೆಲೆ ಕೊಟ್ಟು ತಮ್ಮ ಆಟಗಾರನನ್ನು ವಾಪಸು ತಗೊಳ್ಳಬಹುದು. ದಿಲ್ಲಿಯವರು ತಗೊಳ್ತೇವೆ ಅಂದರು. ಆದರೆ ಆ ವರ್ಷದ ಹೊಸ ನಿಯಮದ ಪ್ರಕಾರ, ಕೂಗಿದವನಿಗೆ ಕೊನೆಯ ಸಲ ಬೆಲೆ ಏರಿಸುವ ಅವಕಾಶ ಇತ್ತು. ಲಖನೌದವರು ಒಂದೇ ಉಸಿರಿಗೆ 27 ಅಂದರು. ದಿಲ್ಲಿ ಕೈ ಬಿಟ್ಟಿತು. ಅಂದರೆ ಕೊನೆಯ 6 ಕೋಟಿ 25 ಲಕ್ಷ ಪಂತನ ಆಟಕ್ಕೆ ಕೊಟ್ಟದ್ದಲ್ಲ. ದಿಲ್ಲಿಯವರು ಎಲ್ಲಿ ಹೂಂ ಅಂತಾರೋ ಅನ್ನುವ ಅಂಜಿಕೆಗೆ ಕೊಟ್ಟದ್ದು.

ಇದನ್ನು ತಿಳಿಯಬೇಕಾದರೆ ಜೆಡ್ಡಾದಲ್ಲಿ ಕೂತವರ ಜಾಗದಲ್ಲಿ ಕೂತು ನೋಡಬೇಕು. ತಂಡಕ್ಕೆ 120 ಕೋಟಿ ಮಿತಿ. ಉಳಿಸಿಕೊಂಡ ಆಟಗಾರರದು ಅದರಲ್ಲೇ ಕಳೆಯುತ್ತದೆ. ಕನಿಷ್ಠ 18 ಮಂದಿ ಬೇಕು, 25ಕ್ಕಿಂತ ಹೆಚ್ಚು ಆಗಬಾರದು. ಎರಡು ದಿನದಲ್ಲಿ ಮುಗಿಯಬೇಕು. ಉಳಿದ ದುಡ್ಡು ಮೈದಾನಕ್ಕಿಳಿದು ರನ್ ಹೊಡೆಯುವುದಿಲ್ಲ. ಕಿಸೆಯಲ್ಲಿ ದುಡ್ಡು, ತಲೆಯ ಮೇಲೆ ಗಡಿಯಾರ, ಎದುರಿಗೆ ಅದೇ ಮಾಲಿನ ಮೇಲೆ ಕಣ್ಣಿಟ್ಟ ಇನ್ನೊಬ್ಬ. ಇಂಥ ಕಡೆ ಕೊಳ್ಳುವವನೇ ಬೆವರುತ್ತಾನೆ.

ಬಜಾರ ಸಮಿತಿಯಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ಬೆವರುವವನು ಮಾರುವವನು.

2023ರ ಫೆಬ್ರವರಿ ನಿಮಗೆ ನೆನಪಿರಬಹುದು. ಬಾರ್ಶಿ ತಾಲೂಕಿನ ಒಬ್ಬ ರೈತ ಹತ್ತು ಚೀಲ ಉಳ್ಳಾಗಡ್ಡಿ ಸೊಲ್ಲಾಪುರಕ್ಕೆ ತಂದ. ತೂಕ 512 ಕಿಲೋ. ಸಿಕ್ಕ ದರ ಕಿಲೋಗೆ ಒಂದು ರೂಪಾಯಿ. ಗಾಡಿ ಬಾಡಿಗೆ, ಹಮಾಲಿ, ತೋಲಾಯಿ ಎಲ್ಲ ಕಳೆದು ಪಟ್ಟಿ ಬರೆದಾಗ ಉಳಿದದ್ದು 2 ರೂಪಾಯಿ 49 ಪೈಸೆ. ಅದರಲ್ಲೂ ಪೈಸೆ ಬಿಟ್ಟು 2 ರೂಪಾಯಿಯ ಚೆಕ್ಕು, ಅದೂ ಹದಿನೈದು ದಿನ ಮುಂದಿನ ತಾರೀಕಿನದು. ದೇಶದ ಪೇಪರೆಲ್ಲ ಬರೆದವು. ನಮ್ಮಲ್ಲಿ ಯಾರಿಗೂ ಆಶ್ಚರ್ಯ ಆಗಲಿಲ್ಲ. ನಮ್ಮೂರಿನವರೊಬ್ಬರ ಪಟ್ಟಿಯಲ್ಲಿ ಅದೇ ವಾರ ಇವರೇ ಕೊಡಬೇಕು ಅಂತ ಬಂದಿತ್ತು. ಅವರು ಅದನ್ನು ಯಾರಿಗೂ ತೋರಿಸಲಿಲ್ಲ, ಅಷ್ಟೆ.

ಆ ವಾರದಲ್ಲೇ, ಫೆಬ್ರವರಿ 13ಕ್ಕೆ, ಮುಂಬೈಯಲ್ಲಿ ಹೆಣ್ಣುಮಕ್ಕಳ ಕ್ರಿಕೆಟಿನ ಮೊದಲ ಲಿಲಾವು ಆಗಿತ್ತು. ಸಾಂಗ್ಲಿಯಲ್ಲಿ ಬೆಳೆದ ಸ್ಮೃತಿ ಮಂಧಾನಾ 3 ಕೋಟಿ 40 ಲಕ್ಷಕ್ಕೆ ಬೆಂಗಳೂರಿಗೆ ಹೋದಳು. ನಮ್ಮದೇ ಸೊಲ್ಲಾಪುರ ಜಿಲ್ಲೆಯ ಕಿರಣ ನವಗಿರೆ 30 ಲಕ್ಷಕ್ಕೆ ಉತ್ತರ ಪ್ರದೇಶದ ತಂಡಕ್ಕೆ ಹೋದಳು. ರೈತನ ಮನೆಯ ಹುಡುಗಿ. ಬ್ಯಾಟಿಗೆ ಯಾವ ಕಂಪನಿಯ ಚೀಟಿಯೂ ಇಲ್ಲದೆ, ಧೋನಿಯ ಹೆಸರಿನ ಅಕ್ಷರ ಮತ್ತು 7 ಅಂತ ತಾನೇ ಪೆನ್ನಿನಲ್ಲಿ ಬರೆದುಕೊಂಡು ಆಡಿದವಳು. ಆಕೆಗೆ ಸಿಕ್ಕದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಖುಷಿ ಇದೆ. ಆದರೆ ಒಂದೇ ವಾರ, ಒಂದೇ ಜಿಲ್ಲೆ, ಎರಡೂ ಕಡೆ ನಡೆದದ್ದು ಲಿಲಾವೇ. ಉಳ್ಳಾಗಡ್ಡಿ ಕೆಟ್ಟದಿತ್ತೆಂದಲ್ಲ. ಮಳೆಗಾಲದಲ್ಲಿ ಹಚ್ಚಿದ ಕೆಂಪು ಉಳ್ಳಾಗಡ್ಡಿ ತಡೆಯುವುದಿಲ್ಲ. ವಾರ ಎರಡು ವಾರದಲ್ಲಿ ಮೊಳಕೆ ಬರುತ್ತದೆ, ಕೊಳೆಯುತ್ತದೆ. ಗಾಡಿಯಿಂದ ಇಳಿಸಿದ ಮೇಲೆ ವಾಪಸು ಒಯ್ಯಬೇಕಾದರೆ ಮತ್ತೆ ಬಾಡಿಗೆ. ಕೊಳ್ಳುವವನಿಗೆ ಅದು ಗೊತ್ತು. ಅವನು ಇವತ್ತಲ್ಲ ನಾಳೆ ಕೊಂಡಾನು. ನಾನು ಇವತ್ತೇ ಮಾರಬೇಕು.

ಹೀಗೆ ನೋಡುತ್ತಾ ಹೋದರೆ ಬೆಲೆ ಅನ್ನುವುದು ಮಾಲಿಗೆ ಅಂಟಿಕೊಂಡಿಲ್ಲ, ಗಡುವು ಯಾರ ಕುತ್ತಿಗೆಗೆ ಬಿಗಿದಿದೆಯೋ ಅವನು ಕೊಡುವ ದಂಡ ಅದರಲ್ಲಿ ಸೇರಿರುತ್ತದೆ.

ನಮ್ಮ ಊರಿನ ಹುಡುಗನೊಬ್ಬ ಅಮೆರಿಕಾದಲ್ಲಿದ್ದಾನೆ. ಜಾತ್ರೆಗೆ ಬಂದಾಗ ವಾಚನಾಲಯದ ಕಟ್ಟೆ ಮೇಲೆ ಕೂತು ಅಲ್ಲಿನ ಬೇಸ್‌ಬಾಲ್ ಆಟದ ಕತೆ ಹೇಳಿದ. ಅಲ್ಲಿ 30 ತಂಡ, ಒಂದೊಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಹಂಗಾಮಿನ ನಡುವೆ, ಜುಲೈ ಕೊನೆಯ ಸುಮಾರಿಗೆ, ಒಂದು ಗಡುವು ಬರುತ್ತದೆ. ಆಟಗಾರರನ್ನು ಅದಲುಬದಲು ಮಾಡುವುದಿದ್ದರೆ ಆ ದಿನದೊಳಗೆ ಮಾಡಬೇಕು. ಈ ವರ್ಷ ಗೆಲ್ಲುತ್ತೇವೆ ಅಂತ ಆಸೆ ಹುಟ್ಟಿದ ತಂಡ, ಸೋತು ಕೂತ ತಂಡದ ಬಾಗಿಲಿಗೆ ಹೋಗಿ ಪಳಗಿದ ಆಟಗಾರನೊಬ್ಬನನ್ನು ಕೇಳುತ್ತದೆ. ಬದಲಿಗೆ ಇನ್ನೂ ಮೀಸೆ ಮೂಡದ ಮೂರ್ನಾಲ್ಕು ಹುಡುಗರನ್ನು ಕೊಡುತ್ತದೆ. ಎರಡು ತಿಂಗಳಿಗೆ ಬೇಕಾದ ಒಬ್ಬನಿಗಾಗಿ ಹತ್ತು ವರ್ಷ ಆಡಬಹುದಾದವರನ್ನು ಕೊಟ್ಟ ಹಾಗೆ. "ಬಿತ್ತಾಕ ಇಟ್ಟ ಜ್ವಾಳ ಬೀಸಾಕ ಹಾಕಿದಂಗ," ಅಂತ ನಮ್ಮ ಗ್ರಂಥಪಾಲರು ಅಂದರು. ಒಮ್ಮೊಮ್ಮೆ ಆ ಒಬ್ಬನಿಂದಲೇ ಕಪ್ಪು ಗೆಲ್ಲುತ್ತಾರಂತೆ, ಅದೂ ಇದೆ.

ಅವನು ಹೇಳಿದ ಇನ್ನೊಂದು ಕತೆ ನಮ್ಮವರಿಗೆ ಹೆಚ್ಚು ಹಿಡಿಸಿತು. ನ್ಯೂಯಾರ್ಕಿನ ಮೆಟ್ಸ್ ಎಂಬ ತಂಡಕ್ಕೆ ಬಾಬಿ ಬೊನಿಲಾ ಎಂಬ ಆಟಗಾರ ಬೇಡವಾದ. 2000ದಲ್ಲಿ ಅವನಿಗೆ ಇನ್ನೂ 59 ಲಕ್ಷ ಡಾಲರು ಕೊಡುವುದಿತ್ತು. ಈಗ ಬೇಡ, ಆಮೇಲೆ ಬಡ್ಡಿ ಸೇರಿಸಿ ಕೊಡ್ತೇವೆ ಅಂತ ಮಾತಾಯಿತು, ಬಡ್ಡಿ ವರ್ಷಕ್ಕೆ ಸೇಕಡಾ 8. ಕಂತು ಶುರುವಾದದ್ದು 2011ರಲ್ಲಿ. ಪ್ರತಿ ಜುಲೈ 1ಕ್ಕೆ ಹನ್ನೊಂದು ಲಕ್ಷ ತೊಂಬತ್ತು ಸಾವಿರ ಚಿಲ್ಲರೆ ಡಾಲರು, 2035ರ ತನಕ, ಇಪ್ಪತ್ತೈದು ಕಂತು. ಆಡುವುದು ಬಿಟ್ಟು ಎಷ್ಟೋ ವರ್ಷವಾದ ಮನುಷ್ಯನಿಗೆ ಇನ್ನೂ ಪಗಾರ. ಸಾವಕಾರನ ಬಡ್ಡಿ ಕಂಡ ನಮ್ಮ ಹಿರಿಯರು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು: "ಅಲ್ಲಿ ಆಡವ ಸಾವಕಾರ ಆಗ್ಯಾನಲ್ಲೋ!" ನನಗೆ ಅದರಲ್ಲಿ ಕಂಡದ್ದು ಬೇರೆ. ಆ ಮನುಷ್ಯನಿಗೆ ಅವಸರ ಇರಲಿಲ್ಲ. ಹನ್ನೊಂದು ವರ್ಷ ಕಾಯುವ ತಾಕತ್ತಿತ್ತು. ಅವಸರ ತಂಡಕ್ಕಿತ್ತು.

ಇನ್ನು ನಮ್ಮ ಕಡೆಯ ಹಳೆಯ ಪದ್ಧತಿ ಒಂದಿದೆ, ಅದರ ಬಗ್ಗೆ ಬರೆಯದೆ ಇರಲಾರೆ. ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆ ಸಂಕ್ರಾಂತಿಗೆ. ನಂದಿಕೋಲು, ಅಕ್ಷತೆ, ಎಲ್ಲ ನಿಮಗೆ ಗೊತ್ತಿರುವುದೇ. ಜಾತ್ರೆಯ ಜೊತೆಗೆ ದನದ ಬಜಾರು ಕೂಡುತ್ತಿತ್ತು. ನಮ್ಮಪ್ಪನ ಕೈ ಹಿಡಿದು ಖಿಲಾರಿ ಎತ್ತು ನೋಡಲು ಹೋಗುತ್ತಿದ್ದೆ. ಬಿಳಿ ಮೈ, ಹಿಂದಕ್ಕೆ ಬಾಗಿದ ಉದ್ದ ಕೋಡು. ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುವರು: ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ. ನಡೆಸಿ ನೋಡುವರು, ನೊಗಕ್ಕೆ ಹೆಗಲು ಕೊಡುತ್ತದೋ ನೋಡುವರು. ಇಷ್ಟೆಲ್ಲ ಆದ ಮೇಲೆ ಕೊಡುವವನ ಕೈ, ದಲ್ಲಾಳಿಯ ಕೈ ಒಂದು ಟಾವೆಲ್ಲಿನ ಕೆಳಗೆ ಸೇರುತ್ತಿದ್ದವು. ಬೆರಳು ಹಿಡಿದು ಬೆಲೆ ಹೇಳುವುದು. ಬಾಯಲ್ಲಿ ಮಾತಿಲ್ಲ. ಮುಖದಲ್ಲಿ ಏನೂ ಇಲ್ಲ. ಸುತ್ತ ನಿಂತ ಇಪ್ಪತ್ತು ಮಂದಿಗೆ ಎಷ್ಟಕ್ಕೆ ಮಾತು ನಡೆದಿದೆ ಅನ್ನುವುದು ತಿಳಿಯುತ್ತಿರಲಿಲ್ಲ.

ಚಿಕ್ಕವನಿದ್ದಾಗ ಅದೊಂದು ಮೋಸದಾಟ ಅನಿಸುತ್ತಿತ್ತು. ಈಗ ಅದರ ಗುಣ ಕಾಣುತ್ತದೆ. ಪಕ್ಕದವ ಎಷ್ಟು ಹೇಳಿದ ಅನ್ನುವುದು ಗೊತ್ತಿಲ್ಲದಾಗ ಎತ್ತನ್ನಷ್ಟೇ ನೋಡಿ ಬೆಲೆ ಹೇಳಬೇಕಾಗುತ್ತದೆ. ಜಿದ್ದಿಗೆ ಬೀಳಲು ಅಲ್ಲಿ ಜಾಗವಿಲ್ಲ. ಮತ್ತೆ, ಕುದುರದಿದ್ದರೆ ಹಗ್ಗ ಹಿಡಿದು ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗುತ್ತಾನೆ. ಎತ್ತು ಕೊಳೆಯುವುದಿಲ್ಲ. ಮುಂದೆ ಇನ್ನೊಂದು ಜಾತ್ರೆ ಇದೆ. ನಮ್ಮಪ್ಪ ಎರಡು ವರ್ಷ ಬರಿಗೈಲಿ ವಾಪಸು ಬಂದು ಮೂರನೇ ವರ್ಷ ಜೋಡಿ ತಂದರು. ಆ ಎರಡು ವರ್ಷ ಚಿಕ್ಕಪ್ಪನ ಎತ್ತು ಕೇಳಿ ಬಿತ್ತನೆ ಮಾಡಿದ್ದೆವು, ಅದಕ್ಕೂ ಮಾತು ಕೇಳಿದ್ದೆವು. ಕಾಯುವುದು ಪುಕ್ಕಟೆ ಅಲ್ಲ.

ಐಪಿಎಲ್‌ನಲ್ಲಿ ಎಲ್ಲರೂ ಮುಖ ನೋಡುತ್ತಾ ಕೂಗುವುದರಿಂದ ಆಗುವ ತಮಾಷೆ ನಮ್ಮ ಕರ್ನಾಟಕದ ಕೃಷ್ಣಪ್ಪ ಗೌತಮನ ಕತೆಯಲ್ಲಿದೆ. 2021ರ ಲಿಲಾವಿನಲ್ಲಿ ಮೂಲ ಬೆಲೆ 20 ಲಕ್ಷ. ಭಾರತಕ್ಕೆ ಆಡಿರಲಿಲ್ಲ ಆಗ. ಕೂಗು ಏರುತ್ತಾ ಏರುತ್ತಾ ಚೆನ್ನೈಗೆ 9 ಕೋಟಿ 25 ಲಕ್ಷಕ್ಕೆ ನಿಂತಿತು. ಆ ವರ್ಷ ಚೆನ್ನೈ ಕಪ್ಪು ಗೆದ್ದಿತು. ಗೌತಮ ಒಂದೇ ಒಂದು ಪಂದ್ಯ ಆಡಲಿಲ್ಲ, ಆಡಿಸಲಿಲ್ಲ. ಮುಂದಿನ ವರ್ಷ ಲಖನೌಗೆ 90 ಲಕ್ಷಕ್ಕೆ ಹೋದ. ಆ ಹುಡುಗನ ಕೈ ಬೆರಳು ಒಂದು ವರ್ಷದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಟ ಮರೆತವೇ? ಇಲ್ಲ. ಆ ದಿನ ಆ ಕೋಣೆಯಲ್ಲಿ ಹಟ ಹಿಡಿದವರಿದ್ದರು, ಈ ದಿನ ಇರಲಿಲ್ಲ.

ಜನ ಬೈಯುವುದು ಮಾತ್ರ ಆಟಗಾರನನ್ನು. ಕಬಡ್ಡಿಯ ಪವನ್ ಸೆಹ್ರಾವತನನ್ನೇ ನೋಡಿ. ಬೆಂಗಳೂರು ಬುಲ್ಸ್‌ಗೆ ಕಪ್ಪು ತಂದುಕೊಟ್ಟವನು. 2022ರಲ್ಲಿ ತಮಿಳ ತಲೈವಾಸ್ 2 ಕೋಟಿ 26 ಲಕ್ಷ ಕೊಟ್ಟು ಕೊಂಡರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು, ಆ ಹಂಗಾಮೇ ಮುಗಿಯಿತು. ಮರುವರ್ಷ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷದ ಮೇಲೆ ಕೊಟ್ಟರು. ಅವನು ಆಡಿದ, ಆದರೆ ತಂಡ 22 ಪಂದ್ಯದಲ್ಲಿ ಗೆದ್ದದ್ದು ಎರಡು. ಎಲ್ಲ ದುಡ್ಡು ಒಬ್ಬನ ಮೇಲೆ ಸುರಿದ ಮೇಲೆ ಉಳಿದ ಆರು ಮಂದಿಯನ್ನು ಎಲ್ಲಿಂದ ತರುತ್ತಾರೆ? ಕಬಡ್ಡಿ ಏಳು ಮಂದಿಯ ಆಟ. ಇದನ್ನು ಹೇಳಲು ನಮ್ಮ ಶಾಲೆಯ ಆಟದ ಮಾಸ್ತರರೇ ಸಾಕಿತ್ತು.

ನನ್ನ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಮಗ ಇಪ್ಪತ್ತೆರಡರ ಹುಡುಗ. ಸೊಲ್ಲಾಪುರದ ಅಕ್ಕಲಕೋಟ ರೋಡ್ ಎಂಐಡಿಸಿಯಲ್ಲಿ ಟಾವೆಲ್ಲು ನೇಯುವ ಕಾರ್ಖಾನೆಯಲ್ಲಿ ಕೆಲಸ, ವಾರದ ಪಗಾರ. ಶನಿವಾರ ಭಾನುವಾರ ಟೆನ್ನಿಸ್ ಚೆಂಡಿನ ಕ್ರಿಕೆಟ್. ಕೊನೆಯ ಓವರಿನಲ್ಲಿ ಚೆಂಡನ್ನು ಕಾಲಬುಡಕ್ಕೆ ಹಾಕುವುದರಲ್ಲಿ ಅವನ ಹೆಸರಿದೆ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ದೀಪಾವಳಿ ಆದ ಮೇಲೆ ಈ ಪಂದ್ಯಾವಳಿಗಳ ಸುಗ್ಗಿ. ಈಗ ಅದರಲ್ಲೂ ಲಿಲಾವು ಬಂದಿದೆ. ಮಂಗಲ ಕಾರ್ಯಾಲಯದಲ್ಲಿ ಕುರ್ಚಿ ಹಾಕಿ, ಎಂಟು ಮಾಲಕರು ಕೂತು, ಒಬ್ಬೊಬ್ಬರಿಗೆ ಒಂದು ಲಕ್ಷ ಪಾಯಿಂಟು. ರೂಪಾಯಿ ಅಲ್ಲ, ಪಾಯಿಂಟು. ಕೂಗುವ ಹುರುಪು ಮಾತ್ರ ರೂಪಾಯಿಯದೇ. ನನ್ನ ಅಕ್ಷರ ಎರಡೂ ಭಾಷೆಯಲ್ಲಿ ಚೆನ್ನಾಗಿದೆ ಅಂತ ನಾಲ್ಕು ವರ್ಷದಿಂದ ದಫ್ತರ ನಾನೇ ಬರೆಯುತ್ತಿದ್ದೇನೆ. ಬರೆಯುತ್ತಾ ಒಂದು ಮಾತು ಗಮನಕ್ಕೆ ಬಂದಿದೆ. ಮೊದಲ ಅರ್ಧ ಗಂಟೆಯಲ್ಲಿ ಬಂದ ಹೆಸರುಗಳಿಗೆ ಮೂವತ್ತು, ನಲವತ್ತು ಸಾವಿರ ಪಾಯಿಂಟು ಹಾರುತ್ತವೆ. ಚಹಾ ಆದ ಮೇಲೆ ಮಾಲಕರ ಕೈ ಹಿಡಿತಕ್ಕೆ ಬರುತ್ತದೆ. ಕೊನೆಗೆ ಯಾರ ಬಳಿಯೂ ಏನೂ ಉಳಿದಿರುವುದಿಲ್ಲ. ಆಗ ಬಂದ ಹುಡುಗ ಎಂಥ ಆಟಗಾರನಾದರೂ ಎರಡು ಸಾವಿರಕ್ಕೆ. ಹೋದ ವರ್ಷ ಫೈನಲಿನಲ್ಲಿ ಪಂದ್ಯ ಗೆದ್ದುಕೊಟ್ಟವನು ನನ್ನ ದಫ್ತರದಲ್ಲಿ ಕೊನೆಯಿಂದ ಮೂರನೇ ಹೆಸರು.

ಪಾಯಿಂಟಿನ ಆಟ ಆಟವಾಗಿಯೇ ಇರಲಿ. ಆದರೆ 2024ರ ದೀಪಾವಳಿಯ ಸುಮಾರಿಗೆ ಒಬ್ಬ ಮಾಲಕ ನಿಜವಾದ ದುಡ್ಡು ಹಿಡಿದುಕೊಂಡೇ ಬಂದ. ನಮ್ಮ ತಾಲೂಕಿನವನಲ್ಲ. ಜೆಸಿಬಿ, ಟಿಪ್ಪರ್ ಇಟ್ಟ ಗುತ್ತೇದಾರ. ಸಾಂಗ್ಲಿ, ವಿಜಯಪುರ, ಕಲಬುರಗಿ ಕಡೆ ದೊಡ್ಡ ಬಹುಮಾನದ ಪಂದ್ಯಗಳಿಗೆ ತಂಡ ಕಟ್ಟಿಕೊಂಡು ತಿರುಗುತ್ತಾನೆ. ನವೆಂಬರಿನಿಂದ ಮೇ ತನಕ ಒಂದೂವರೆ ಲಕ್ಷ ಅಂದ. ಐವತ್ತು ಸಾವಿರ ಈಗಲೇ ಕೈಗೆ. ಕಾರ್ಖಾನೆ ಬಿಡಬೇಕು. ಬೇರೆ ಯಾರಿಗೂ ಆಡಬಾರದು, ಊರ ಹುಡುಗರ ಪಂದ್ಯವನ್ನೂ. ಪೆಟ್ಟಾದರೆ ಮುಂದಿನ ದುಡ್ಡು ಇಲ್ಲ, ತಗೊಂಡ ಐವತ್ತು ಸಾವಿರ ಮುಂದಿನ ವರ್ಷ ಆಡಿ ತೀರಿಸಬೇಕು. ಮತ್ತೆ ಉತ್ತರ ಸಂಜೆಯೊಳಗೆ ಬೇಕು.

ತಂಗಿ ಫೋನು ಮಾಡಿ ಅತ್ತಳು. ಸಂತೋಷಕ್ಕೆ ಅತ್ತದ್ದು. "ಅಣ್ಣಾ, ಪತ್ರಾ ಸೋರ್ತಾವ, ಈ ಮಳಿಗಾಲ ಹ್ಯಾಂಗ ಕಳದೀವಿ ನಿನಗ ಗೊತ್ತದ. ಐವತ್ತ ಸಾವಿರ ಕೈಯಾಗ ಕೊಡ್ತೀನಂತಾನ." ನಾನು ಮಧ್ಯಾಹ್ನದ ಬಸ್ಸಿಗೆ ಸೊಲ್ಲಾಪುರಕ್ಕೆ ಹೋದೆ.

ಆ ಕರಾರು ಕೇಳಿದಾಗಲೇ ನನಗೆ ಅದರ ಗುರುತು ಸಿಕ್ಕಿತ್ತು. ಕಬ್ಬು ಕಡಿಯುವವರ ಉಚಲ್ ಅದು. ಸಕ್ಕರೆ ಕಾರ್ಖಾನೆ ಹೆಚ್ಚಿರುವ ಜಿಲ್ಲೆ ನಮ್ಮದು. ಹಂಗಾಮು ಶುರುವಾಗುವ ಮೊದಲು ಮುಕ್ಕಾದಮ ಬಂದು ಗಂಡ ಹೆಂಡತಿ ಇಬ್ಬರಿಗೂ ಸೇರಿಸಿ ಮುಂಗಡ ಕೊಡುತ್ತಾನೆ. ಇಬ್ಬರು ಸೇರಿದರೆ ಒಂದು 'ಕೊಯ್ತಾ'. ಮನುಷ್ಯರ ಲೆಕ್ಕ ಅಲ್ಲ, ಕುಡುಗೋಲಿನ ಲೆಕ್ಕ. ಹಂಗಾಮು ಮುಗಿದಾಗ ಕಡಿದದ್ದು ಮುಂಗಡಕ್ಕಿಂತ ಕಡಿಮೆ ಆದರೆ ಬಾಕಿ ಮುಂದಿನ ವರ್ಷಕ್ಕೆ. ಕೈಗೆ ಬಂದಾಗ ಅದು ದೊಡ್ಡ ದುಡ್ಡೇ. ಆದರೆ ಅದನ್ನು ಕೊಡುವುದು ಮಳೆಗಾಲದ ಕೊನೆಗೆ, ಮನೆಯಲ್ಲಿ ಏನೂ ಇಲ್ಲದಾಗ. ಆ ಹೊತ್ತನ್ನು ಕೊಡುವವನು ಆರಿಸುತ್ತಾನೆ, ತಗೊಳ್ಳುವವನಲ್ಲ.

ಹೋಟೆಲಿನಲ್ಲಿ ಮಾಲಕ ಸಿಕ್ಕ. ಮನುಷ್ಯ ಕೆಟ್ಟವನೇನಲ್ಲ. ಭಜಿ ತರಿಸಿದ, ಅಡ್ಡ ಹೆಸರು ಕೇಳಿದ, ಯಾವ ಊರ ಬೀಗರು ಅಂತ ವಿಚಾರಿಸಿದ.

"ಸಂಜೀತನ ಹೇಳಬೇಕ್ರಿ ಕಾಕಾ. ನನಗ ಇನ್ನೂ ಇಬ್ಬರು ಬಾಲರು ಕಾಯಾಕತ್ಯಾರ," ಅಂದ.

"ಸಂಜೀಗೇ ಹೇಳೂದಾದ್ರ ಈಗ್ಲೇ ಹೇಳ್ತೀನ್ರಿ, ಬ್ಯಾಡ," ಅಂದೆ.

ಅಳಿಯ ನನ್ನ ಮುಖ ನೋಡಿದ. ಭಜಿ ಕೈಯಲ್ಲೇ ಉಳಿಯಿತು.

"ಎಂಟು ದಿನ ಕೊಟ್ರ ಮಾತಾಡೋಣು," ಅಂದೆ. "ಪೆಟ್ಟಾದ್ರ ದವಾಖಾನಿ ಖರ್ಚು ಯಾರದು? ಕಾರ್ಖಾನಿ ಬಿಟ್ಟು ಮೇ ತಿಂಗಳಾಗ ಮತ್ತ ಕೇಳಾಕ ಹೋದ್ರ ತಗೋತಾರೇನು? ಇವನ್ನ ಕೂಡಿಸಿ ಇಟ್ರ, ಆಡಸದಿದ್ರ, ಬ್ಯಾರೆ ಕಡೆ ಆಡಾಕ ಬಿಡ್ತೀರೇನು?"

ಅವನು ಎದ್ದು ಬಿಲ್ಲು ಕೊಟ್ಟು ಹೋದ. ಕಾರು ಹೋದ ದಿಕ್ಕಿಗೆ ಅಳಿಯ ಬಹಳ ಹೊತ್ತು ನೋಡಿದ. "ಮಾಮಾ, ನೀವು ಉಳ್ಳಾಗಡ್ಡಿ ಮಾರಿದಂಗ ನನ್ನೂ ಮಾರಾಕ ಬಂದ್ರೇನು?" ಅಂದ. ನಾನು ಉಳ್ಳಾಗಡ್ಡಿ ಹಾಗೆ ಮಾರಲು ಎಂದೂ ಆಗಿಲ್ಲ ಅನ್ನುವುದನ್ನು ಅವನಿಗೆ ಆಗ ಹೇಳಿ ಉಪಯೋಗವಿರಲಿಲ್ಲ. ತಂಗಿ ಒಂದು ತಿಂಗಳು ಫೋನು ಎತ್ತಲಿಲ್ಲ. ಅವಳ ಕಡೆಯೂ ನ್ಯಾಯವಿದೆ. ಸೋರುವ ಪತ್ರಾದ ಕೆಳಗೆ ಮಲಗುವವಳು ಅವಳು.

ಹನ್ನೊಂದನೇ ದಿನ ಮಾಲಕನ ಫೋನು ಬಂತು, ನನಗಲ್ಲ, ಅಳಿಯನಿಗೆ. ಕಾಯುತ್ತಿದ್ದ ಇಬ್ಬರಲ್ಲಿ ಒಬ್ಬನನ್ನು ತಗೊಂಡಿದ್ದ, ಅದೇ ಒಂದೂವರೆ ಲಕ್ಷಕ್ಕೆ. ಆದರೂ ಕೊನೆಯ ಓವರಿಗೆ ಒಬ್ಬ ಬೇಕಿತ್ತು. ಈ ಸಲ ಮಾತು ಬೇರೆ: ಪಂದ್ಯಕ್ಕೆ ಇಷ್ಟು ಅಂತ, ಶನಿವಾರ ಭಾನುವಾರ ಮಾತ್ರ, ಕಾರ್ಖಾನೆ ಬಿಡಬೇಕಿಲ್ಲ, ಪೆಟ್ಟಾದರೆ ದವಾಖಾನೆ ಅವನದು. ಮುಂಗಡ ಇಲ್ಲ. ಮೇ ತನಕ ಲೆಕ್ಕ ಹಾಕಿದರೆ ಅರವತ್ತು ಸಾವಿರದ ಹತ್ತಿರ ಬಂತು. ಒಂದೂವರೆ ಲಕ್ಷ ಅಲ್ಲ. ಈ ವ್ಯತ್ಯಾಸವನ್ನು ತಂಗಿ ಈಗಲೂ ಬಾಯಿಪಾಠ ಹೇಳುತ್ತಾಳೆ.

ಒಂದೂವರೆ ಲಕ್ಷದ ಹುಡುಗ ನಮ್ಮ ಪಕ್ಕದ ಊರಿನವನು. ಐವತ್ತು ಸಾವಿರದಲ್ಲಿ ಅವನ ಮನೆಗೆ ಒಂದು ಕೋಣೆ ಎದ್ದಿತು, ಅದು ಸುಳ್ಳಲ್ಲ. ಜನವರಿಯಲ್ಲಿ ಮೂರು ಪಂದ್ಯದಲ್ಲಿ ಹೊಡೆಸಿಕೊಂಡ. ಆಮೇಲೆ ಅವನನ್ನು ತಂಡದ ಜೊತೆ ಕರೆದೊಯ್ದರು, ಆಡಿಸಲಿಲ್ಲ. ಶಾಮಿಯಾನದ ಕೆಳಗೆ ತಂಡದ ಹೊಸ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿರುತ್ತಿದ್ದ. ಬೇರೆ ಕಡೆಯಿಂದ ಕರೆ ಬಂದರೂ ಹೋಗುವ ಹಾಗಿರಲಿಲ್ಲ. ನಮ್ಮೂರಿನ ಪಂದ್ಯದ ದಿನ ಗಡಿಗಲ್ಲಿನ ಆಚೆ ಗಾಡಿ ನಿಲ್ಲಿಸಿ ಸೀಟಿನ ಮೇಲೆ ಕೂತು ನೋಡುತ್ತಿದ್ದ. ಗೌತಮನಿಗೆ 9 ಕೋಟಿಯಾದರೂ ಕೈಗೆ ಬಂದಿತ್ತು. ಈ ಹುಡುಗ ಇಪ್ಪತ್ತರ ಪ್ರಾಯದಲ್ಲಿ ಆಡುವ ಒಂದು ವರ್ಷ ಕೊಟ್ಟ.

ಆ ವರ್ಷದ ಐಪಿಎಲ್ ಹೇಗೆ ಮುಗಿಯಿತು ಅನ್ನುವುದು ಎಲ್ಲರಿಗೂ ಗೊತ್ತು, ಆದರೂ ಮೇ 27ರ ರಾತ್ರಿಯ ಬಗ್ಗೆ ಬರೆಯಲೇಬೇಕು. ವಾಚನಾಲಯದ ಪಕ್ಕದ ಮನೆಯ ಟಿವಿಯ ಮುಂದೆ ಮೂವತ್ತು ಮಂದಿ. ನಮ್ಮಲ್ಲಿ ಅರ್ಧ ಹುಡುಗರು ಮುಂಬೈ, ಅರ್ಧ ಬೆಂಗಳೂರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಅಂಗಿ ಹಾಕುತ್ತಾರೆ. ಆ ದಿನ ಲಖನೌ ಮತ್ತು ಬೆಂಗಳೂರು. ಇಡೀ ಹಂಗಾಮಿನಲ್ಲಿ ಬ್ಯಾಟೇ ಬೀಸಿಲ್ಲ ಅನಿಸಿಕೊಂಡಿದ್ದ ಪಂತ್ ಅಂದು ಔಟಾಗದೆ 118 ಹೊಡೆದ. 27 ಕೋಟಿ ಕೊನೆಗೂ ಮಾತಾಡಿತು ಅಂತ ಒಬ್ಬ ಕೂಗಿದ. ಲಖನೌ 227. ಬೆಂಗಳೂರಿನ ಕಡೆ ಜಿತೇಶ್ ಶರ್ಮಾ 33 ಚೆಂಡಿಗೆ 85. ಅವನ ಜೊತೆ ಇನ್ನೊಂದು ತುದಿಯಲ್ಲಿ 41 ಮಾಡಿ ನಿಂತವನು ನಮ್ಮ ಮಯಾಂಕ್ ಅಗರ್‌ವಾಲ್. ಜೆಡ್ಡಾದಲ್ಲಿ ಅವನನ್ನು ಯಾರೂ ಕೊಂಡಿರಲಿಲ್ಲ. ದೇವದತ್ತ ಪಡಿಕ್ಕಲನ ಕಾಲಿಗೆ ಪೆಟ್ಟಾದ ಮೇಲೆ ನಡುವೆ 1 ಕೋಟಿಗೆ ಕರೆಸಿಕೊಂಡದ್ದು. ಎಂಟು ಚೆಂಡು ಉಳಿದಿರುವಾಗಲೇ ಪಂದ್ಯ ಮುಗಿಯಿತು. ಒಂದು ವಾರದ ಮೇಲೆ, ಜೂನ್ 3ಕ್ಕೆ, ಹದಿನೆಂಟು ವರ್ಷದ ನಂತರ ಬೆಂಗಳೂರು ಕಪ್ಪು ಎತ್ತಿತು. ಫೈನಲಿನ ಆಟಗಾರ ಕೃಣಾಲ್ ಪಾಂಡ್ಯ, 5 ಕೋಟಿ 75 ಲಕ್ಷದವನು. ಎದುರಿಗೆ ಪಂಜಾಬಿನಲ್ಲಿ 26 ಕೋಟಿ 75 ಲಕ್ಷದ ಶ್ರೇಯಸ್ ಅಯ್ಯರ್ ಇದ್ದ. ಅವನು ಆ ವರ್ಷ 604 ರನ್ ಹೊಡೆದು ತನ್ನ ದುಡ್ಡು ತೀರಿಸಿದ್ದನೆಂದೇ ನನ್ನ ಮಾತು. ದುಬಾರಿ ಎಲ್ಲವೂ ಟೊಳ್ಳು ಅಂತ ನಾನು ಹೇಳುತ್ತಿಲ್ಲ.

ಅದೇ ಲಖನೌ ತಂಡದಲ್ಲಿ ಸೊಲ್ಲಾಪುರದ ಅರ್ಶಿನ್ ಕುಲಕರ್ಣಿ ಇದ್ದ. ಮೊದಲು 20 ಲಕ್ಷಕ್ಕೆ, ಜೆಡ್ಡಾದಲ್ಲಿ 30 ಲಕ್ಷಕ್ಕೆ. ಒಂದೇ ತಂಡದಲ್ಲಿ ಪಂತನಿಗೂ ಅವನಿಗೂ ತೊಂಬತ್ತು ಪಟ್ಟು ಅಂತರ. 2005ರಲ್ಲಿ ಹುಟ್ಟಿದ ಹುಡುಗ. ಮಹಾರಾಷ್ಟ್ರದ ಲೀಗಿನಲ್ಲಿ 2023ರಲ್ಲಿ 54 ಚೆಂಡಿಗೆ 117 ಹೊಡೆದು, ಅದೇ ಪಂದ್ಯದಲ್ಲಿ ನಾಲ್ಕು ವಿಕೆಟ್ ತೆಗೆದವನು. ಅವನಿಗೆ ವಯಸ್ಸಿದೆ, ಕಾಯಬಹುದು. ಇವನ್ನೆಲ್ಲ ಈಗ ಅಳಿಯ ನನಗಿಂತ ಚೆನ್ನಾಗಿ ಲೆಕ್ಕ ಹಾಕುತ್ತಾನೆ.

ಅವನ ಅರವತ್ತು ಸಾವಿರದಲ್ಲಿ ಮೊದಲು ತಂಗಿಯ ಮನೆಗೆ ಹೊಸ ಪತ್ರಾ ಬಂತು. ಉಳಿದದ್ದರಲ್ಲಿ ಇಪ್ಪತ್ತು ಸಾವಿರ ತಂದು ನನ್ನ ಕೈಗಿಟ್ಟ. "ಮಾಮಾ, ಕಾಂದಾ ಚಾಳ ಹಾಕಸ್ರಿ," ಅಂದ. ನಾನು ಕೇಳಿರಲಿಲ್ಲ. ನನ್ನದಷ್ಟು ಸೇರಿಸಿ ಬಿದಿರು, ತಗಡು ತಂದು ಹೊಲದ ಬದುವಿನಲ್ಲಿ ಚಾಳ ನಿಲ್ಲಿಸಿದೆವು, ಕೆಳಗಿನಿಂದ ಗಾಳಿ ಆಡುವ ಹಾಗೆ ನೆಲದಿಂದ ಎತ್ತರಿಸಿ. ಮಳೆಗಾಲದ ಕೆಂಪು ಉಳ್ಳಾಗಡ್ಡಿ ಅದರಲ್ಲೂ ತಡೆಯುವುದಿಲ್ಲ. ಅದಕ್ಕೇ ಈ ಸಲ ಅರ್ಧ ಎಕರೆ ಬೇಸಿಗೆ ಉಳ್ಳಾಗಡ್ಡಿ ಹಚ್ಚಿದೆ. ಅದು ನಾಲ್ಕೈದು ತಿಂಗಳು ಇರುತ್ತದೆ.

ಏಪ್ರಿಲಿನಲ್ಲಿ ತುಂಬಿಸಿದ್ದು. ಇದನ್ನು ಬರೆಯುವಾಗ ಜುಲೈ. ಮಳೆಗೆ ತಳದ ಸಾಲು ಸ್ವಲ್ಪ ಮೆತ್ತಗಾಗಿದೆ, ವಾಸನೆ ಬರುತ್ತಿದೆ. ತಂಗಿ ಬಂದು ಚಾಳದ ಸುತ್ತ ತಿರುಗಿ ನೋಡಿ, "ಅಣ್ಣಾ, ಇದ್ದಷ್ಟಕ್ಕ ಕೊಟ್ಟಬಿಡ, ಇನ್ನ ಕಾಯಬ್ಯಾಡ," ಅಂದಳು. ಅಳಿಯ ಮೊಬೈಲಿನಲ್ಲಿ ಸೊಲ್ಲಾಪುರದ ದರ, ಲಾಸಲಗಾಂವಿನ ದರ ಎರಡೂ ನೋಡಿ ಇನ್ನೊಂದು ಹದಿನೈದು ದಿನ ಅನ್ನುತ್ತಾನೆ. ತಳದ ಸಾಲು ತೆಗೆದು ಆರಿಸಿ ಮೇಲಿನದನ್ನು ಇಡೋಣ ಅಂತ ಅವನ ಮಾತು. ನಾಳೆ ಟೆಂಪೋದವನಿಗೆ ಹೂಂ ಅನ್ನಬೇಕೋ ಬೇಡವೋ, ಮೂವರದೂ ಇನ್ನೂ ಮಾತು ಮುಗಿದಿಲ್ಲ.